ಕಣ ಹೆಚ್ಚಿದರೆ ಮಳೆ ಏಕೆ ಹೆಚ್ಚುವುದಿಲ್ಲ?

ಮಾನ್ಯರೇ,

ಹೋದ ಸಂಚಿಕೆಯ ಹವಾಮಾನ ಲೇಖನದಲ್ಲಿ ‘ಹೊಗೆಯ ಕಣಗಳಿಂದ ಮಳೆ ಕುಗ್ಗುತ್ತದೆ’ ಎಂದಿದ್ದ ಒಂದು ಸಾಲನ್ನು ಹಿಡಿದು ನೀವು ಮೂರು ಪುಟ ಬರೆದಿದ್ದೀರಿ. ಕಣದ ಆಸರೆಯಿಲ್ಲದೆ ಮೋಡದ ಹನಿ ಕಟ್ಟುವುದಿಲ್ಲವೆಂದು ಪಾಠ ಮಾಡುತ್ತಿದ್ದಾಗ, ‘ಹಾಗಾದರೆ ಹೊಗೆ ಹೆಚ್ಚಿದಷ್ಟೂ ಮಳೆಯೂ ಹೆಚ್ಚಬೇಕಲ್ಲವೇ?’ ಎಂದು ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಕೇಳಿದಳಂತೆ. ನಿಮಗೆ ಉತ್ತರ ತೋಚಲಿಲ್ಲವಂತೆ. ಹೊಗೆಯೇ ಬಿಸಿಲನ್ನು ತಡೆದು ಭೂಮಿಯನ್ನು ತುಸು ತಂಪಾಗಿಟ್ಟಿದ್ದರೆ ಅದನ್ನು ತೊಲಗಿಸುವುದು ಸರಿಯೇ ಎಂಬುದು ನಿಮ್ಮದೇ ಪ್ರಶ್ನೆ. ಆ ಸಾಲನ್ನು ಅಷ್ಟು ಮೊಟಕಾಗಿ ಬಿಟ್ಟದ್ದು ನಮ್ಮ ತಪ್ಪು. ಆ ಹುಡುಗಿಯ ಪ್ರಶ್ನೆಗೆ ಪೂರ್ತಿ ಉತ್ತರ ಸಿಗಬೇಕು.

ನೀವು ಮಾಡಿದ ಪಾಠ ಸರಿಯಾಗಿಯೇ ಇದೆ. 1880ರ ಸುಮಾರಿಗೆ ಸ್ಕಾಟ್ಲೆಂಡಿನ ಜಾನ್ ಐಟ್ಕನ್ ಎರಡು ಗಾಜಿನ ಪಾತ್ರೆಗಳಿಗೆ ಹಬೆ ಬಿಟ್ಟು ನೋಡಿದರು. ಒಂದರಲ್ಲಿ ಮಾಮೂಲಿ ಗಾಳಿಯಿತ್ತು, ಇನ್ನೊಂದರಲ್ಲಿ ಹತ್ತಿಯ ಮೂಲಕ ಸೋಸಿದ ಗಾಳಿ. ಮೊದಲನೆಯದು ಬೆಳ್ಳಗೆ ಮಬ್ಬಾಯಿತು, ಎರಡನೆಯದು ತಿಳಿಯಾಗಿಯೇ ಉಳಿಯಿತು. ಕಣವೇ ಇಲ್ಲದ ಗಾಳಿಯಲ್ಲಿ ಆರ್ದ್ರತೆ ಶೇ. 100ರ ಹಲವು ಪಟ್ಟು ಏರಿದರಷ್ಟೇ ಹನಿ ಕಟ್ಟೀತು. ಕಣವಿದ್ದರೆ 100ನ್ನು ಕೂದಲೆಳೆಯಷ್ಟು ದಾಟಿದರೆ ಸಾಕು.

ಆದರೆ ಕಣ ತನ್ನೊಡನೆ ನೀರು ತರುವುದಿಲ್ಲ. ಎಲ್ಲ ತೊಡಕೂ ಇರುವುದು ಇಲ್ಲೇ. ಮೋಡಕ್ಕೆ ಸಿಗುವ ನೀರಾವಿ ಇಷ್ಟೇ ಎಂದಾದಾಗ ಕಣಗಳು ಮಾಡುವುದು ಹಂಚುವ ಕೆಲಸ ಮಾತ್ರ. ನಡುಗಡಲಿನ ಶುದ್ಧ ಗಾಳಿಯಲ್ಲಿ ಹನಿ ಕಟ್ಟಬಲ್ಲ ಕಣಗಳು ಘನ ಸೆಂಟಿಮೀಟರಿಗೆ ನೂರರ ಆಸುಪಾಸಿನಲ್ಲಿರುತ್ತವೆ. ಮಲಿನ ಗಾಳಿಯಲ್ಲಿ ಸಾವಿರ ದಾಟುತ್ತವೆ. ಹತ್ತು ಜನಕ್ಕೆ ಬಡಿಸಬೇಕಾದ್ದನ್ನು ನೂರು ಎಲೆಗೆ ಬಡಿಸಿದರೆ ಯಾರ ಹೊಟ್ಟೆಯೂ ತುಂಬದು.

ಕರಿಹಲಗೆಯ ಮೇಲೆ ಇದನ್ನು ಲೆಕ್ಕ ಮಾಡಿ ತೋರಿಸಬಹುದು. 20 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು) ಅಗಲದ ಒಂದು ಮೋಡದ ಹನಿಯ ನೀರಿನಲ್ಲಿ 10 ಮೈಕ್ರಾನಿನ ಎಂಟು ಹನಿಗಳಾಗುತ್ತವೆ. 2 ಮಿಲಿಮೀಟರಿನ ಒಂದು ಮಳೆಹನಿಗೆ ದೊಡ್ಡ ಹನಿಗಳಾದರೆ 10 ಲಕ್ಷ ಕೂಡಬೇಕು, ಚಿಕ್ಕವಾದರೆ 80 ಲಕ್ಷ. ಕೂಡುವುದಾದರೂ ಹೇಗೆ? ದೊಡ್ಡದು ವೇಗವಾಗಿ ಬೀಳುತ್ತಾ ದಾರಿಯಲ್ಲಿ ಸಿಕ್ಕ ಚಿಕ್ಕವನ್ನು ನುಂಗಬೇಕು. ಎಲ್ಲವೂ ಪುಟ್ಟವೇ ಆಗಿ, ಸೆಕೆಂಡಿಗೆ ಕಾಲು ಸೆಂಟಿಮೀಟರಿಗಿಂತ ತುಸು ಹೆಚ್ಚು ವೇಗದಲ್ಲಿ ತೇಲಾಡುತ್ತಿದ್ದರೆ ಯಾವುದೂ ಯಾವುದಕ್ಕೂ ಸಿಗುವುದಿಲ್ಲ. ಮೋಡ ಹಾಗೇ ನಿಲ್ಲುತ್ತದೆ, ಇಲ್ಲವೇ ಒಣಗಾಳಿ ತಾಗಿ ಆರಿಹೋಗುತ್ತದೆ. ತೆಳುವಾದ, ತಗ್ಗಿನ ಮೋಡಗಳಲ್ಲಿ ಇದು ಸ್ಪಷ್ಟ. ಎತ್ತರದ ಗುಡುಗುಮೋಡಗಳಲ್ಲಿ ಮಳೆ ತಡವಾದರೂ ಆಮೇಲೆ ಜೋರಾಗಿ ಸುರಿಯಬಹುದೆಂಬ ವಾದವಿದೆ. ಅದರ ಬಗ್ಗೆ ವಿಜ್ಞಾನಿಗಳಲ್ಲಿ ಒಮ್ಮತ ಮೂಡಿಲ್ಲ.

ಹೀಗೆ ಒಡೆದ ಹನಿಗಳ ಒಟ್ಟು ಮೇಲ್ಮೈ ಇಮ್ಮಡಿಯಾಗುತ್ತದೆ. ಹಾಗಾಗಿ ಮೋಡ ಇನ್ನಷ್ಟು ಬೆಳ್ಳಗಾಗಿ ಬಿಸಿಲನ್ನು ಹಿಂದಕ್ಕೆ ಚಿಮ್ಮಿಸುತ್ತದೆ. 1970ರ ದಶಕದಲ್ಲಿ ಮೋಡಗಳ ವಿಜ್ಞಾನಿ ಶಾನ್ ಟೂಮಿ ಇದನ್ನು ವಿವರಿಸಿದರು. ಉಪಗ್ರಹ ಚಿತ್ರಗಳಲ್ಲಿ ಕಡಲಿನ ಮೋಡದ ಹಾಸಿನ ಮೇಲೆ ಸುಣ್ಣದಲ್ಲಿ ಎಳೆದಂಥ ಬಿಳಿ ಗೆರೆಗಳು ಕಾಣುತ್ತವಲ್ಲ, ಅವು ಹಡಗಿನ ಹೊಗೆ ಹೋದ ದಾರಿಗಳೇ.

ಇಷ್ಟು ಮೋಡದೊಳಗಿನ ಮಾತು. ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ಸಂಗತಿ ಮೋಡದ ಕೆಳಗಿದೆ, ನಮ್ಮ ಲೇಖನ ಅದನ್ನು ಮುಟ್ಟಲೇ ಇಲ್ಲ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 25 ಲಕ್ಷ ಜೂಲ್ ಶಾಖ ಬೇಕು, ಅದನ್ನು ಕೊಡುವುದು ಬಿಸಿಲು. ಮಬ್ಬು ಕವಿದು ಪ್ರತಿ ಚದರ ಮೀಟರಿಗೆ ದಿನದ ಸರಾಸರಿ 10 ವಾಟ್ ಬಿಸಿಲು ತಪ್ಪಿತೆನ್ನಿ. ಆ ಕೊರತೆಯೆಲ್ಲ ಆವಿಯ ಮೇಲೇ ಬಿದ್ದರೆ, ದಿನಕ್ಕೆ ಚದರ ಮೀಟರಿಗೆ ಮೂರನೇ ಒಂದು ಲೀಟರಿನಷ್ಟು ನೀರು ಮೇಲೇಳುವುದೇ ಇಲ್ಲ. ಮೇಲೇಳದ ನೀರು ಎಲ್ಲಿಯೂ ಮಳೆಯಾಗಿ ಬೀಳದು.

1999ರಲ್ಲಿ ವಾಯುಮಂಡಲ ವಿಜ್ಞಾನಿಗಳಾದ ವೀರಭದ್ರನ್ ರಾಮನಾಥನ್ ಮತ್ತು ಪಾಲ್ ಕ್ರುಟ್ಜನ್ ಮುಂದಾಳುತನದಲ್ಲಿ ‘ಇಂಡೋಎಕ್ಸ್’ ಎಂಬ ಪ್ರಯೋಗ ಮಾಲ್ಡೀವ್ಸ್ ಕೇಂದ್ರವಾಗಿ ನಡೆದು, ಹಿಂದೂ ಮಹಾಸಾಗರದ ಉತ್ತರ ಭಾಗದ ಮೇಲೆ ಸುಮಾರು 3 ಕಿಲೋಮೀಟರ್ ದಪ್ಪದ ಕಂದು ಮಬ್ಬನ್ನು ಅಳೆಯಿತು. ಅದರಲ್ಲಿ ಗಂಧಕದ ಕಣಗಳ ಜೊತೆ ಮಸಿಯೂ ಇತ್ತು. ಗಂಧಕದಿಂದ ಹುಟ್ಟಿದ ಸಲ್ಫೇಟ್ ಬೆಳಕನ್ನು ಚದುರಿಸುತ್ತದೆ. ಮಸಿ ಹೀರಿಕೊಂಡು ತಾನಿರುವ ಗಾಳಿಯನ್ನೇ ಕಾಯಿಸುತ್ತದೆ. ಕೆಳಗೆ ತಂಪು, ಮೇಲೆ ಬಿಸಿ ಆದಾಗ ಗಾಳಿ ಮೇಲೇಳುವುದನ್ನು ನಿಲ್ಲಿಸುತ್ತದೆ. ನೆಲದ ತೇವವೂ ಹೊಗೆಯೂ ಕೆಳಗೇ ಸಿಕ್ಕಿಬೀಳುತ್ತವೆ. ಚಳಿಗಾಲದ ಮಂಜು ಮಧ್ಯಾಹ್ನವಾದರೂ ಕರಗದಿರಲು ಇದೂ ಒಂದು ಕಾರಣ: ತೇವದಲ್ಲಿ ಸಲ್ಫೇಟ್ ಕಣಗಳು ನೀರು ಹೀರಿ ಊದಿಕೊಳ್ಳುತ್ತವೆ, ಊದಿದಷ್ಟೂ ಬಿಸಿಲು ತಡೆಯುತ್ತವೆ, ಬಿಸಿಲಿಲ್ಲದೆ ಮಂಜು ಆರುವುದಿಲ್ಲ.

ಮುಂಗಾರು ನಿಂತಿರುವುದು ಕಾದ ನೆಲ ಮತ್ತು ತಂಪು ಕಡಲಿನ ಅಂತರದ ಮೇಲೆ. ನೆಲದ ಮೇಲೆ ಮಬ್ಬು ದಟ್ಟವಾದರೆ ಆ ಅಂತರ ಕುಗ್ಗಿ ತೇವದ ಗಾಳಿಯ ಸೆಳೆತ ಸಡಿಲುತ್ತದೆ. 20ನೇ ಶತಮಾನದ ಉತ್ತರಾರ್ಧದಲ್ಲಿ ದಕ್ಷಿಣ ಏಷ್ಯಾದ ಮುಂಗಾರು ದುರ್ಬಲಗೊಂಡದ್ದರಲ್ಲಿ ಈ ಕಣಗಳ ಪಾಲು ದೊಡ್ಡದು. ಹೊಗೆ ಉಗುಳಿದವರೇ ಬರ ಉಣ್ಣಬೇಕೆಂದೂ ಇಲ್ಲ. ಯುರೋಪ್ ಮತ್ತು ಉತ್ತರ ಅಮೆರಿಕದ ಗಂಧಕದ ಹೊಗೆ ಉತ್ತರ ಅಟ್ಲಾಂಟಿಕ್ ಕಡಲನ್ನು ತಂಪಾಗಿಸಿ ಮಳೆಪಟ್ಟಿಯನ್ನು ದಕ್ಷಿಣಕ್ಕೆ ಸರಿಸಿತು. 1970 ಮತ್ತು 80ರ ದಶಕಗಳಲ್ಲಿ ಆಫ್ರಿಕಾದ ಸಾಹೇಲ್ ಪ್ರದೇಶವನ್ನು ಸುಟ್ಟ ಬರಗಾಲದ ಹಿಂದೆ ಇದರ ಕೈವಾಡವೂ ಇತ್ತು. ದನಕರು ಸತ್ತು ಊರು ಬಿಟ್ಟ ಆ ಜನಕ್ಕೆ, ತಮ್ಮ ಮಳೆ ಯಾರದೋ ಚಿಮಣಿಯಿಂದ ತಪ್ಪಿತೆಂದು ಗೊತ್ತಾಗುವ ಬಗೆಯೇ ಇರಲಿಲ್ಲ. ಇದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಇನ್ನು ನಿಮ್ಮ ಪ್ರಶ್ನೆ. ಕಣಗಳು ತಾಪ ತಗ್ಗಿಸಿರುವುದು ನಿಜ. ಮಾನವನಿಂದಾದ ಈ ತಂಪನ್ನು, ಹವಾಮಾನ ಬದಲಾವಣೆ ಕುರಿತ ವಿಶ್ವಸಂಸ್ಥೆಯ ಸಮಿತಿಯಾದ ಐಪಿಸಿಸಿಯ 2021ರ ವರದಿ 0ಯಿಂದ 0.8 ಡಿಗ್ರಿಯೆಂದು ಅಂದಾಜಿಸಿದೆ. 2020ರಲ್ಲಿ ಹಡಗಿನ ಇಂಧನದ ಗಂಧಕದ ಮಿತಿಯನ್ನು ಶೇ. 3.5ರಿಂದ 0.5ಕ್ಕೆ ಇಳಿಸಿದ ಮೇಲೆ ನಾನು ಹೇಳಿದ ಬಿಳಿ ಗೆರೆಗಳು ಗಣನೀಯವಾಗಿ ಕಡಿಮೆಯಾದವು, ಅಷ್ಟು ಬಿಸಿಲು ಕಡಲಿಗೆ ಇಳಿಯಿತು. ಆದರೂ ಹೊಗೆಯನ್ನು ಕೊಡೆಯೆಂದು ಇಟ್ಟುಕೊಳ್ಳಲಾಗದು. ಕೆಳ ವಾಯುಮಂಡಲದ ಕಣಗಳು ಒಂದು ವಾರದ ಆಸುಪಾಸಿನಲ್ಲಿ ಮಳೆಗೆ ತೊಳೆದುಹೋಗುತ್ತವೆ. ಅದೇ ಚಿಮಣಿಯ ಇಂಗಾಲದ ಡೈ ಆಕ್ಸೈಡಿನ ಒಂದು ಪಾಲು ಶತಮಾನಗಳ ಕಾಲ ಉಳಿಯುತ್ತದೆ. ವಾರದ ನೆರಳಿಗಾಗಿ ಮೊಮ್ಮಕ್ಕಳ ಕಾಲದ ಬಿಸಿಯನ್ನು ಕೂಡಿಡುವ ವ್ಯಾಪಾರವಿದು. ಮೇಲಾಗಿ ಇದೇ ಕಣಗಳು ವರ್ಷವರ್ಷವೂ ಲಕ್ಷಗಟ್ಟಲೆ ಜನರ ಶ್ವಾಸಕೋಶ, ಹೃದಯಗಳನ್ನು ಹಾಳುಮಾಡಿ ಕೊಲ್ಲುತ್ತಿವೆ. ಹೊಗೆಯನ್ನೂ ಇಂಗಾಲವನ್ನೂ ಒಟ್ಟಿಗೇ ಇಳಿಸಬೇಕು.

ಆ ಹುಡುಗಿಗೆ ಒಂದು ಪ್ರಯೋಗ ಮಾಡಿಸಿ. ಪಾರದರ್ಶಕ ಪ್ಲಾಸ್ಟಿಕ್ ಬಾಟಲಿಯಲ್ಲಿ ಎರಡು ಬೆರಳು ಬೆಚ್ಚನೆಯ ನೀರು ಹಾಕಿ, ನೀರಿನ ಮಟ್ಟಕ್ಕೆ ಪೆನ್ನಿನಿಂದ ಗೆರೆ ಎಳೆಯಲಿ. ಮುಚ್ಚಳ ಬಿಗಿದು ಗಟ್ಟಿಯಾಗಿ ಹಿಂಡಿ ತಟ್ಟನೆ ಬಿಟ್ಟರೆ ಹೆಚ್ಚೇನೂ ಕಾಣದು. ಆಮೇಲೆ ನೀವೇ ಕಡ್ಡಿ ಗೀರಿ ಆರಿಸಿ ಆ ಹೊಗೆಯನ್ನು ಒಳಗೆ ಬಿಡಿ, ಅವಳು ಮತ್ತೆ ಹಿಂಡಿ ಬಿಡಲಿ. ಒಳಗೆಲ್ಲ ಬಿಳಿ ಮೋಡ ಕವಿಯುತ್ತದೆ. ಆಗ ಪೆನ್ನಿನ ಗೆರೆಯನ್ನು ನೋಡಲು ಹೇಳಿ: ನೀರು ಎಲ್ಲಿತ್ತೋ ಅಲ್ಲೇ ಇರುತ್ತದೆ.

— ಸಂಪಾದಕ