ಜೋಳದ ಸೀಮೆಗೆ ಹಾಯಿಹಡಗು ಯಾಕೆ?

ಗುಳೇದಗುಡ್ಡದ ಹಿರಿಯ ಓದುಗರೊಬ್ಬರು ಪತ್ರ ಬರೆದಿದ್ದಾರೆ. ನಲವತ್ತು ವರ್ಷ ಖಣ ನೇಯ್ದವರು. ಹೋದ ಸಂಚಿಕೆಯಲ್ಲಿ ಹಾಯಿಹಡಗಿಗೆ ಎರಡು ಪುಟ ಕೊಟ್ಟಿದ್ದೆವು. ಅಲ್ಲಿ ನೌಕಾಪಡೆಯ ಹಾಯಿಹಡಗು ‘ತರಂಗಿಣಿ’ಯ ಫೋಟೊ ಹಾಕಿ, ಕೆಳಗೆ ‘ಹಳೇ ಕಾಲದ ಮರದ ಹಡಗು’ ಎಂದು ಬರೆದಿದ್ದೆವು. ಅದು ತಪ್ಪು ಎಂದು ಅವರ ಮೊಮ್ಮಗ ಹೇಳಿದನಂತೆ. ಜೊತೆಗೆ ಎರಡು ಪ್ರಶ್ನೆ: ‘ಎದುರುಗಾಳಿ ಬಂದ್ರ ಇಂಥಾ ಹಡಗು ಏನ್ ಮಾಡ್ತೈತಿ? ಸಮುದ್ರಾನ ನೋಡದ ನಮ್ಮಂಥವರಿಗೆ ಇದಕ್ಕ ಎರಡು ಪುಟ ಯಾಕ?’

ಹಿರಿಯರೇ, ಮೊಮ್ಮಗ ಹೇಳಿದ್ದೇ ಸರಿ. ತರಂಗಿಣಿಯ ಒಡಲು ಉಕ್ಕಿನದು. ಗೋವಾದಲ್ಲಿ ಕಟ್ಟಿದ್ದು, 1997ರಲ್ಲಿ ನೌಕಾಪಡೆಗೆ ಸೇರಿದ್ದು. ಉದ್ದ 54 ಮೀಟರ್, ಮೂರು ಕಂಬ, 20 ಹಾಯಿ. 2003-04ರಲ್ಲಿ ಭೂಮಿಯನ್ನೇ ಸುತ್ತಿ ಬಂತು. ನೋಡಲು ಹಳೇದು ಅನಿಸಿತು, ವಿಚಾರಿಸದೆ ಬರೆದುಬಿಟ್ಟೆವು. ತಪ್ಪಾಯ್ತು.

ಈ ಹಡಗನ್ನು ಒಮ್ಮೆ ಕೊಚ್ಚಿಯಲ್ಲಿ ದೂರದಿಂದ ಕಂಡಿದ್ದೆ. ಹಾಯಿಗಳನ್ನೆಲ್ಲ ಸುತ್ತಿ ಕಟ್ಟಿದ್ದರು. ಬರೀ ಕಂಬ, ಕಂಬದಿಂದ ಇಳಿದ ನೂರಾರು ಹಗ್ಗ. ಮಗ್ಗಕ್ಕೆ ಹಾಸು ಏರಿಸಿ, ಹೊಕ್ಕು ಹಾಕದೆ ಬಿಟ್ಟ ಹಾಗೆ ಕಾಣುತ್ತಿತ್ತು.

ಇನ್ನು ಎದುರುಗಾಳಿ. ಗಾಳಿಗೆ ನೇರ ಎದುರಾಗಿ ಹೋಗಲು ಯಾವ ಹಾಯಿಹಡಗಿಗೂ ಆಗದು. ಗಾಳಿಯನ್ನು ಓರೆಯಾಗಿ ಹಿಡಿದು, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಸಾಗುತ್ತದೆ. ನಿಮಗೆ ಹೇಳಿಕೊಡಬೇಕೆ? ಲಾಳಿ ಓಡುವುದು ಆಚೆ ಈಚೆ, ಬಟ್ಟೆ ಬೆಳೆಯುವುದು ಮುಂದಕ್ಕೆ. ತರಂಗಿಣಿಗೆ ಎಂಜಿನ್ನೂ ಇದೆ, ಆದ್ದರಿಂದ ಅಷ್ಟು ಕಷ್ಟವಿಲ್ಲ.

ಆದರೆ ‘ಕೌಂಡಿನ್ಯ’ಕ್ಕೆ ಎಂಜಿನ್ ಇಲ್ಲ. 2025ರ ಮೇ ತಿಂಗಳಲ್ಲಿ ನಮ್ಮ ಕಾರವಾರದಲ್ಲೇ ನೌಕಾಪಡೆಗೆ ಸೇರಿದ ಹಡಗು ಇದು. ಅಜಂತಾದ ಚಿತ್ರ ನೋಡಿ ಕಟ್ಟಿದ್ದು. ಹಲಗೆಗಳಿಗೆ ತೂತು ಕೊರೆದು, ತೆಂಗಿನ ನಾರಿನ ಹಗ್ಗದಿಂದ ಹೊಲಿದು, ಸಂದಿಗೆ ನಾರು ತುಂಬಿ ಮೇಲೆ ರಾಳ ಬಳಿದಿದ್ದಾರೆ. ಮೊಳೆ ಹೊಡೆದ ಹಡಗಿನ ಬಿಗಿ ಇದಕ್ಕಿಲ್ಲ. ಅಲೆ ಬಡಿದಾಗ ಹೊಲಿಗೆ ಸ್ವಲ್ಪ ಬಾಗಿಕೊಡುತ್ತದೆ. ಹಾಯಿಯ ಮೇಲೆ ನಮ್ಮ ಗಂಡಭೇರುಂಡವೂ ಇದೆ!

ಈ ಹಡಗು ಪೋರಬಂದರಿನಿಂದ ಮಸ್ಕತ್‌ಗೆ ಹೊರಟಿದ್ದು ಡಿಸೆಂಬರ್ ಕೊನೆಗೆ. ಸುಮ್ನೆ ಆರಿಸಿದ ತಿಂಗಳಲ್ಲ. ಚಳಿಗಾಲದಲ್ಲಿ ಗಾಳಿ ಈಶಾನ್ಯದಿಂದ ಬೀಸುತ್ತದೆ, ಅರಬರ ಕಡೆ ಹೋಗುವವರಿಗೆ ಅನುಕೂಲ. ಮುಂಗಾರು ಗಾಳಿ ನೈರುತ್ಯದಿಂದ ಬರುತ್ತದೆ, ಆ ಕಡೆಯವರು ಇತ್ತ ಬರಬಹುದು. ಹಿಂದಿನ ವ್ಯಾಪಾರಿಗಳು ಗಾಳಿ ತಿರುಗಲಿ ಎಂದು ಬಂದರಿನಲ್ಲೇ ತಿಂಗಳುಗಟ್ಟಲೆ ಕಾಯುತ್ತಿದ್ದರು. ನಮ್ಮವರು ಮುಂಗಾರಿಗೆ ಹೆಸರು, ಹಿಂಗಾರಿಗೆ ಬಿಳಿಜೋಳ ಬಿತ್ತುವುದೂ ಈ ಗಾಳಿಗಳ ಲೆಕ್ಕದ ಮೇಲೇ ಅಲ್ವಾ?

ಎರಡು ಪುಟ ಯಾಕೆ ಎಂದಿರಿ. ಐಹೊಳೆ ನಿಮಗೆ ದೂರವೇನಲ್ಲ. ಮೇಗುತಿ ಗುಡಿಯ ಪೂರ್ವದ ಗೋಡೆಯಲ್ಲಿ ರವಿಕೀರ್ತಿ ಬರೆದ 634ರ ಶಾಸನವಿದೆ. ಭಾಷೆ ಸಂಸ್ಕೃತ, ಲಿಪಿ ಹಳೆಯ ಕನ್ನಡದ್ದು. ಪಡುವಣ ಕಡಲಿನ ಲಕ್ಷ್ಮಿಯಂತಿದ್ದ ಪುರಿ ಎಂಬ ಪಟ್ಟಣವನ್ನು (ಒಡಿಶಾದ ಪುರಿಯಲ್ಲ) ಇಮ್ಮಡಿ ಪುಲಕೇಶಿ ನೂರಾರು ಹಡಗು ತಂದು ಮುತ್ತಿದ ಎಂದು ಅದರಲ್ಲಿದೆ. ಹಡಗುಗಳು ಮದಿಸಿದ ಆನೆಗಳ ಹಿಂಡಿನಂತಿದ್ದವಂತೆ. ಆಗ ಮೋಡ ಕವಿದ ಆಕಾಶ ಸಮುದ್ರದಂತೆ, ಸಮುದ್ರ ಆಕಾಶದಂತೆ ಕಂಡಿತಂತೆ. ಬಾದಾಮಿಯಲ್ಲಿ ಕೂತು ಆಳಿದ ದೊರೆಯ ಹಡಗುಗಳಿವು. ಹೊಗಳುಭಟ್ಟರ ಮಾತು ಅನ್ನಿ, ಆನೆಯ ಲೆಕ್ಕ ಬಿಟ್ಟುಬಿಡಿ. ಆದರೂ ಎರಡು ಪುಟ ನನಗೇನೋ ಕಡಿಮೆಯೇ ಅನಿಸಿತು.

ಮೊಮ್ಮಗನನ್ನು ಕರೆದುಕೊಂಡು ಹೋಗಿ ಬನ್ನಿ. ಗುಡ್ಡದ ಮೇಲಿನ ಗುಡಿ, ಬಿಸಿಲೇರುವ ಮುಂಚೆಯೇ ಹತ್ತಿಬಿಡಿ.

– ಸಂಪಾದಕ, ಬಾಗಲಕೋಟೆ