ಸೋಯಾ ಬೇರಿನತ್ತ ಈಜುವ ಜೀವಿಗೆ ಎರಡು ಬಗೆಯ ಕಶಾಂಗ ಏಕೆ?

ಪ್ರಶ್ನೆ: ಬಿತ್ತನೆಗೆ ಮುನ್ನ ಸೋಯಾ ಅವರೆ ಬೀಜಕ್ಕೆ ಬೆಲ್ಲದ ಅಂಟಿನಲ್ಲಿ ರೈಜೋಬಿಯಂ ಲೇಪಿಸಿ ನೆರಳಿನಲ್ಲಿ ಆರಿಸುತ್ತೇವೆ. ಈ ಬ್ಯಾಕ್ಟೀರಿಯಾಕ್ಕೆ ಎರಡು ಬಗೆಯ ಕಶಾಂಗಗಳು (ಈಜಲು ನೆರವಾಗುವ ಸಣ್ಣ ಎಳೆಗಳು) ಇವೆ ಎಂದು ಓದಿದೆ. ಮಣ್ಣಿನಲ್ಲಿ ಈಜಲು ನೀರೆಲ್ಲಿದೆ? ಒಂದು ಬಗೆ ಸಾಲದೆ? ಮಣ್ಣಿನ ಎಲ್ಲ ಬ್ಯಾಕ್ಟೀರಿಯಾಗಳಿಗೂ ಕಶಾಂಗ ಇರುತ್ತದೆಯೇ?
(ಓದುಗರು, ಬೆಳಗಾವಿ ಜಿಲ್ಲೆ)

ಉತ್ತರ: ಪೊಟ್ಟಣದ ಮೇಲೆ ರೈಜೋಬಿಯಂ ಎಂದಿದ್ದರೂ ಸೋಯಾ ಬೇರಿನಲ್ಲಿ ಗಂಟು ಕಟ್ಟಿ ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವುದು ಮುಖ್ಯವಾಗಿ ಅದರ ಬಂಧುವಾದ ಬ್ರಾಡಿರೈಜೋಬಿಯಂ. ನಮ್ಮ ಕಣ್ಣಿಗೆ ಒಣಗಿದಂತೆ ಕಾಣುವ ಮಣ್ಣಿನಲ್ಲೂ ಕಣಗಳ ಸುತ್ತ ನೀರಿನ ತೆಳುವಾದ ಪದರ ಇರುತ್ತದೆ. ಮಳೆ ಬಿದ್ದು ರಂಧ್ರಗಳು ತುಂಬಿದಾಗ ಆ ಜೀವಿ ಈಜಬಲ್ಲದು. ನೀರು ಬಸಿದು ಪದರವು ಅದರ ಮೈಯಷ್ಟೂ ದಪ್ಪ ಉಳಿಯದಾದಾಗ ಇದ್ದಲ್ಲೇ ಅಂಟಿಕೊಳ್ಳುತ್ತದೆ. ಆದ್ದರಿಂದ ಮಣ್ಣಿನಲ್ಲಿ ಈಜು ಎನ್ನುವುದು ಹಸಿ ಇರುವಷ್ಟು ಹೊತ್ತು ಮಾತ್ರ ಸಿಗುವ ಅವಕಾಶ.

ಕಶಾಂಗವನ್ನು ಬಾಲ ಎಂದು ಕರೆಯುವುದು ವಾಡಿಕೆಯಾದರೂ ಅದು ಬಾಲದಂತೆ ಬಡಿಯುವುದಿಲ್ಲ, ಕಡಗೋಲಿನಂತೆ ಬುಡದಿಂದಲೇ ತಿರುಗುತ್ತದೆ. ಇದು ಖಚಿತವಾದದ್ದು 1973-74ರಲ್ಲಿ: ಕಶಾಂಗದ ತುದಿಯನ್ನು ಗಾಜಿಗೆ ಅಂಟಿಸಿದಾಗ ಬ್ಯಾಕ್ಟೀರಿಯಾದ ಮೈಯೇ ಗಿರಗಿರನೆ ಸುತ್ತುವುದನ್ನು ಸೂಕ್ಷ್ಮದರ್ಶಕದಡಿ ಕಾಣಲಾಯಿತು.

ನೀವು ಕೇಳಿದ ಎರಡು ಬಗೆಗಳ ವಿಷಯ ಬಹಳ ಸ್ವಾರಸ್ಯಕರವಾದದ್ದು. ಸೋಯಾದ ಬ್ರಾಡಿರೈಜೋಬಿಯಂನಲ್ಲಿ ತುದಿಯ ಸಮೀಪದಿಂದ ಹೊರಡುವ ಒಂದು ದಪ್ಪ ಕಶಾಂಗವೂ ಕೆಲವು ತೆಳುವಾದ ಕಶಾಂಗಗಳೂ ಇವೆ. ಎರಡನ್ನೂ ತಿರುಗಿಸುವುದು ಜೀವಕೋಶದ ಪೊರೆಯ ಮೂಲಕ ಸಾಗುವ ಪ್ರೋಟಾನ್‌ಗಳ (ಹೈಡ್ರೋಜನ್ ಅಯಾನುಗಳ) ಹರಿವೇ ಆದರೂ ದ್ರವದಲ್ಲಿ ಮುಂದೆ ನೂಕುವ ಬಲ ಹೆಚ್ಚಾಗಿ ದಪ್ಪನೆಯದರದು. ತೆಳುವಾದವು ಆಹಾರ ನೋಡಿ ಮೂಡುತ್ತವೆ: ಅರಾಬಿನೋಸ್ ಸಕ್ಕರೆಯಲ್ಲಿ ಬೆಳೆಸಿದರೆ ಕಾಣಿಸಿಕೊಳ್ಳುತ್ತವೆ, ಸಕ್ಕರೆಯನ್ನು ಹೋಲುವ ಮ್ಯಾನಿಟಾಲ್‌ನಲ್ಲಿ ಬೆಳೆಸಿದರೆ ಅಡಗುತ್ತವೆ. ಪ್ರಯೋಗಾಲಯಗಳಲ್ಲಿ ರೈಜೋಬಿಯಂ ಬೆಳೆಸಲು ವಾಡಿಕೆಯಾಗಿ ಬಳಸುವುದು ಮ್ಯಾನಿಟಾಲನ್ನೇ ಎಂಬುದನ್ನು ಇಲ್ಲಿ ನೆನೆಯಬೇಕು. ನಾವು ಗಾಜಿನ ಬಾಟಲಿಯಲ್ಲಿ ನೋಡುವ ಜೀವಿ ಮಣ್ಣಿನಲ್ಲಿರುವ ಜೀವಿಯ ಅರ್ಧ ರೂಪ ಮಾತ್ರ ಇರಬಹುದು.

ಇವುಗಳ ವಂಶಚರಿತ್ರೆಯ ಸುಳಿವು ಜೀನ್‌ಗಳ ಜೋಡಣೆಯಲ್ಲಿದೆ. ದಪ್ಪ ಕಶಾಂಗದ ಜೀನ್‌ಗಳು ಹಲವೆಡೆ ಚದುರಿವೆ, ತೆಳುವಾದವುಗಳ ಜೀನ್‌ಗಳು ಒಂದೇ ಕಡೆ ಒತ್ತಾಗಿ ಕೂತಿವೆ. ಹೀಗೆ ಗಂಟು ಕಟ್ಟಿಟ್ಟಂತಿರುವ ಜೀನ್‌ಗಳು ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ಇಡಿಯಾಗಿ ದಾಟುವುದು ಸುಲಭ. ಅಂಥ ದಾಟುವಿಕೆ ಬರಿಯ ಊಹೆಯಲ್ಲ: ರೋಡೋಬ್ಯಾಕ್ಟರ್ ಸ್ಫೀರಾಯ್ಡಿಸ್ ಎಂಬ ಬ್ಯಾಕ್ಟೀರಿಯಾದ ಎರಡು ಕಶಾಂಗ ವ್ಯವಸ್ಥೆಗಳಲ್ಲಿ ಒಂದು ತನ್ನ ಕುಲದ ಪಿತ್ರಾರ್ಜಿತ, ಇನ್ನೊಂದು ದೂರದ ಬೇರೊಂದು ವರ್ಗದಿಂದ ಬಂದದ್ದು.

ಕಶಾಂಗ ಅಗ್ಗದ ಸಾಧನವಲ್ಲ. ಸಾವಿರಾರು ಪ್ರೋಟೀನ್ ಅಣುಗಳನ್ನು ಪೋಣಿಸಿದರೆ ಒಂದು ಎಳೆ. ಅಷ್ಟು ವೆಚ್ಚವಿದ್ದರೂ ಅದನ್ನು ಬಿಟ್ಟುಕೊಡದಂತೆ ನಿಸರ್ಗದ ಆಯ್ಕೆ ಎಷ್ಟು ಬಲವಾಗಿ ಒತ್ತಬಲ್ಲದು ಎಂಬುದಕ್ಕೆ 2015ರಲ್ಲಿ ಪ್ರಕಟವಾದ ಒಂದು ಪ್ರಯೋಗ ಸಾಕ್ಷಿ. ಸ್ಯೂಡೋಮೊನಾಸ್ ಫ್ಲೋರೆಸೆನ್ಸ್ ಎಂಬ ಬ್ಯಾಕ್ಟೀರಿಯಾದಿಂದ ಕಶಾಂಗದ ಮುಖ್ಯ ನಿಯಂತ್ರಕ ಜೀನನ್ನು ತೆಗೆದು ಆಹಾರ ತೀರುವಂತೆ ಮಾಡಿದಾಗ, ಕೇವಲ 96 ಗಂಟೆಗಳೊಳಗೆ ಅದು ಮತ್ತೆ ಈಜತೊಡಗಿತು. ಸಾರಜನಕದ ಬಳಕೆಯನ್ನು ನಿಯಂತ್ರಿಸುತ್ತಿದ್ದ ಬೇರೊಂದು ಪ್ರೋಟೀನ್, ಜೀನ್‌ಗಳಲ್ಲಾದ ಎರಡು ಬದಲಾವಣೆಗಳ ಬಳಿಕ ಕಶಾಂಗದ ಹೊಣೆಯನ್ನೂ ಹೊತ್ತುಕೊಂಡಿತ್ತು.

ಮಣ್ಣಿನ ಬ್ಯಾಕ್ಟೀರಿಯಾಗಳೆಲ್ಲಕ್ಕೂ ಕಶಾಂಗ ಇರುತ್ತದೆ ಎಂದಲ್ಲ. ಮೊದಲ ಮಳೆಯ ಮಣ್ಣಿನ ವಾಸನೆಗೆ ಮುಖ್ಯ ಕಾರಣವಾದ ಸ್ಟ್ರೆಪ್ಟೊಮೈಸಿಸ್ ಈಜುವುದಿಲ್ಲ. ಬೂಷ್ಟಿನಂತೆ ಎಳೆಗಳಾಗಿ ಹಬ್ಬಿ ಬೀಜಕಣಗಳನ್ನು ಬಿಡುತ್ತದೆ. ಆ ವಾಸನೆಗೆ ಮಣ್ಣಿನ ಸಣ್ಣ ಜಿಗಿಹುಳುಗಳು ಬಂದು ಕಣಗಳನ್ನು ಹೊತ್ತೊಯ್ಯುತ್ತವೆ.

ಇನ್ನು ನಿಮ್ಮ ಹೊಲಕ್ಕೆ ಬರೋಣ. ಬಿತ್ತಿದ ಆರೇಳು ವಾರಗಳ ನಂತರ ಒಂದು ಗಿಡವನ್ನು ಮಣ್ಣಿನ ಹೆಂಟೆಯೊಡನೆ ಮೆಲ್ಲಗೆ ಅಗೆದು ತೊಳೆದು ನೋಡಿ. ಬೀಜಕ್ಕೆ ಲೇಪಿಸಿದಾಗ ಗಂಟುಗಳು ಸಾಮಾನ್ಯವಾಗಿ ತಾಯಿಬೇರಿನ ಮೇಲ್ಭಾಗದಲ್ಲೇ ಗುಂಪುಗೂಡಿರುತ್ತವೆ. ಕೆಳಗಿನ ಕವಲುಬೇರುಗಳಲ್ಲಿ ವಿರಳ. ಎಷ್ಟೇ ಕಶಾಂಗಗಳಿದ್ದರೂ ಈ ಬ್ಯಾಕ್ಟೀರಿಯಾ ಸ್ವಂತ ಬಲದಿಂದ ಸಾಗುವ ದೂರ ಅಷ್ಟು ಕಡಿಮೆ. ಅದಕ್ಕಾಗಿಯೇ ಲೇಪಿಸಿದ ಬೀಜವನ್ನು ಚೆನ್ನಾಗಿ ಹಸಿಯಿರುವ ನೆಲಕ್ಕೆ, ತಡಮಾಡದೆ ಅಂದೇ ಬಿತ್ತಿ.