ಟೆಸ್ಟ್ ಡ್ರೈವ್‌ಗೂ ಮೊದಲು ಚಾಸಿಸ್ ನಂಬರ್ ಕೇಳಿ

ಮೊದಲ ಸಲ ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುತ್ತಿದ್ದೇನೆ, ಅದರ ಹಿಂದಿನ ಕಥೆ ತಿಳಿಯುವುದು ಹೇಗೆ, ಹೇಳಿದ ಬೆಲೆಯ ಮೇಲೆ ಇನ್ನೇನು ಖರ್ಚು ಬರುತ್ತದೆ ಎಂದು ಕೇಳಿದ್ದೀರಿ. ಗಾಡಿ ನೋಡುವ ಮೊದಲೇ ಕೇಳಿದ್ದು ಒಳ್ಳೆಯದಾಯಿತು. ಒಮ್ಮೆ ಕಣ್ಣಿಗೆ ಹಿಡಿಸಿತು ಅಂದರೆ ಆಮೇಲೆ ಕಾಗದ ನೋಡುವ ಮನಸ್ಸೇ ಬರುವುದಿಲ್ಲ. ನನಗೆ ಆಗಿದ್ದು ಅದೇ.

ನಾನು ಕೊಂಡ ಮೊದಲ ಕಾರಿನ ಮೀಟರ್ 42,000 ಕಿಲೋಮೀಟರ್ ತೋರಿಸುತ್ತಿತ್ತು. ಮನೆಗೆ ತಂದ ಮೇಲೆ ಒಳಗೆ ಗುಡಿಸುವಾಗ ಡ್ರೈವರ್ ಸೀಟಿನ ಕೆಳಗೆ ಮುದುಡಿದ ಆಯಿಲ್ ಚೇಂಜ್ ಬಿಲ್ ಸಿಕ್ಕಿತು. ಎರಡು ವರ್ಷ ಹಿಂದಿನದು. ಅದರಲ್ಲಿ ಬರೆದಿದ್ದು 71,000. ಮಾರಿದವರು ಫೋನ್ ಎತ್ತುವುದನ್ನೇ ಬಿಟ್ಟರು. ಆಗ ಬ್ರೇಕ್ ಪೆಡಲ್ ನೋಡಿದೆ, ರಬ್ಬರ್ ಸವೆದು ನುಣ್ಣಗಾಗಿತ್ತು. ಕೊಳ್ಳುವ ದಿನವೂ ಅದು ಹಾಗೇ ಇದ್ದಿರಬೇಕು.

ಅದಕ್ಕೇ ಫೋನಿನಲ್ಲಿ ಮಾತಾಡುವಾಗಲೇ ಚಾಸಿಸ್ ನಂಬರ್, ಅಂದರೆ ಗಾಡಿಯ ಮೇಲೆ ಕೊರೆದಿರುವ ಗುರುತಿನ ನಂಬರ್ ಕೇಳಿ. ಕೊಡಲು ಹಿಂದೆಮುಂದೆ ನೋಡಿದರೆ ಆ ಗಾಡಿ ಬಿಟ್ಟುಬಿಡಿ. ಈಗಿನ ಕಾರುಗಳಲ್ಲಿ ಅದು ಸಾಮಾನ್ಯವಾಗಿ 17 ಅಕ್ಷರ, ಅಂಕಿಗಳದ್ದು. ಐ, ಓ, ಕ್ಯೂ ಅದರಲ್ಲಿ ಬರುವುದಿಲ್ಲ, ಒಂದು, ಸೊನ್ನೆ ಅಂದುಕೊಂಡುಬಿಡುತ್ತಾರೆ ಅಂತ. ಆ ನಂಬರ್ ಇದ್ದರೆ ಸರ್ವಿಸ್ ಮಾಡಿಸಿದ ಕಡೆ ದಿನಾಂಕ, ಕಿಲೋಮೀಟರ್ ಕೇಳಬಹುದು. ಮಾಲೀಕರನ್ನೂ ಜೊತೆಗೆ ಕರೆದೊಯ್ಯಿರಿ. ಇನ್ಶೂರೆನ್ಸ್ ಕ್ಲೇಮ್ ಆಗಿದೆಯಾ ಅಂತಲೂ ವಿಚಾರಿಸಿ. ಆಮೇಲೆ ಗಾಡಿಯ ಮೇಲೆ ಕೊರೆದ ನಂಬರ್‌ಗೂ ಕಾಗದಕ್ಕೂ ಒಂದೊಂದೇ ಅಕ್ಷರ ತಾಳೆ ನೋಡಿ.

ಗಾಡಿಯೂ ಮಾತಾಡುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ರ 23ನೇ ವಾರ ತಯಾರಾದ ಟೈರು. ಕಾರು ಓಡಿದ್ದು ಬರೀ 20,000 ಅನ್ನುತ್ತಾರೆ, ನಾಲ್ಕೂ ಟೈರು ಕಾರಿಗಿಂತ ಎಷ್ಟೋ ಹೊಸವು ಅಂದರೆ ಯಾಕೆ ಬದಲಾಯಿಸಿದರು ಅಂತ ಕೇಳಬೇಕು, ಅಲ್ವಾ? ಸೀಟ್ ಬೆಲ್ಟ್ ಪೂರ್ತಿ ಹೊರಗೆ ಎಳೆಯಿರಿ. ಕೊನೆಯಲ್ಲಿ ಕೆಸರಿನ ಗೆರೆ ಕಂಡರೆ ಗಾಡಿ ನೀರಿನಲ್ಲಿ ಮುಳುಗಿರಬಹುದು. ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿ ಕೆಳಗೆ ತುಕ್ಕು ಇದೆಯಾ ನೋಡಿ. ಬಾನೆಟ್ ಬೋಲ್ಟ್‌ಗಳ ಬಣ್ಣ ಎದ್ದಿದ್ದರೆ ಅದಕ್ಕೆ ಸ್ಪ್ಯಾನರ್ ಬಿದ್ದಿದೆ, ಬಾನೆಟ್ ಬಿಚ್ಚಿರಬಹುದು ಅಂತ ಅರ್ಥ, ಯಾಕೆ ಅಂತ ಕೇಳಿ.

ಇನ್ನು ಖರ್ಚು. ಹೆಸರು ಬದಲಾವಣೆಯ ಶುಲ್ಕ, ಇನ್ಶೂರೆನ್ಸ್, ಬಾಕಿ ತೆರಿಗೆ, ಕಟ್ಟದ ದಂಡ, ಇಷ್ಟನ್ನೂ ಯಾರು ಕೊಡಬೇಕು ಅಂತ ಮೊದಲೇ ಬರೆಸಿಕೊಳ್ಳಿ. ಡೀಲರ್ ಹತ್ತಿರ ಕೊಂಡರೆ ಡಾಕ್ಯುಮೆಂಟ್ ಚಾರ್ಜ್, ಪ್ರೊಸೆಸಿಂಗ್ ಚಾರ್ಜ್ ಅಂತ ಕೊನೆಗೆ ಸೇರಿಸುವುದುಂಟು. ಎಲ್ಲಾ ಸೇರಿ ಒಟ್ಟು ಎಷ್ಟು ಅಂತ ಒಂದೇ ಅಂಕಿ ಕೇಳಿ. ಸರ್ಕಾರಿ ಶುಲ್ಕ ಯಾವುದು, ಅವರದ್ದು ಯಾವುದು ಅಂತ ಬೇರೆ ಬೇರೆ ಬರೆಸಿ. ಅವರದ್ದರಲ್ಲಿ ಚೌಕಾಸಿ ಮಾಡಬಹುದು.

ಜಾಸ್ತಿ ಭಯ ಪಡಬೇಕಾದ್ದು ಹಳೆ ಸಾಲಕ್ಕೆ. ಸಾಲ ತೀರದ ಗಾಡಿ ಕೊಂಡರೆ, ನೀವು ಪೂರ್ತಿ ದುಡ್ಡು ಕೊಟ್ಟಿದ್ದರೂ ಸಾಲ ಕೊಟ್ಟವರು ಅದನ್ನು ಎತ್ತಿಕೊಂಡು ಹೋಗುವ ಅಪಾಯ ಇದೆ. "ಮುಂದಿನ ತಿಂಗಳು ತೀರಿಸ್ತೀನಿ" ಅನ್ನುವ ಮಾತಿಗೆ ಅಡ್ವಾನ್ಸ್ ಕೊಡಬೇಡಿ. ಇಬ್ಬರೂ ಒಟ್ಟಿಗೆ ಹೋಗಿ ಬಾಕಿಯನ್ನು ನೇರವಾಗಿ ಸಾಲ ಕೊಟ್ಟವರಿಗೇ ಕಟ್ಟಿ, ತೀರಿದ ಪತ್ರ ಕೈಗೆ ಬಂದ ಮೇಲೆ ಉಳಿದ ಹಣ ಕೊಡಿ.

ಗಾಡಿ ನೋಡಲು ಹೋಗುವಾಗ ನಿಮ್ಮದೇ ಮೆಕ್ಯಾನಿಕ್ ಜೊತೆಗಿರಲಿ. ಮೊದಲೇ ಸ್ಟಾರ್ಟ್ ಮಾಡಿ ಇಡಬೇಡಿ ಅಂತ ಮಾರುವವರಿಗೆ ಹೇಳಿಡಿ, ಬಿಸಿ ಇಂಜಿನ್‌ನಲ್ಲಿ ಸ್ಟಾರ್ಟಿಂಗ್ ತೊಂದರೆ ಮುಚ್ಚಿಹೋಗಬಹುದು. ಹೋದ ತಕ್ಷಣ ಬಾನೆಟ್ ಮೇಲೆ ಕೈಯಿಟ್ಟು ನೋಡಿ. ಬಿಸಿ ಇದ್ದರೆ ಸುಮ್ನೆ ಕೂತು ತಣ್ಣಗಾಗಲು ಬಿಡಿ, ಆಮೇಲೆ ಸ್ಟಾರ್ಟ್ ಮಾಡಿಸಿ.